ಎರಡು ಬೆರಳ ಮೇಲಿನ ಸತ್ಯವೇದ

ಪಾನಪಾತ್ರೆ ಟ್ರಂಕಿನಲ್ಲಿಲ್ಲವೆಂದು ಗೊತ್ತಾದದ್ದು 1959ರ ಮಾರ್ಚ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಹತ್ತರ ಸುಮಾರಿಗೆ. ಮರಿಯಮ್ಮ ಬೆಳ್ಳಿ ಉಜ್ಜಲೆಂದು ಹುಣಿಸೆಹಣ್ಣು ನೆನೆಸಿಟ್ಟು, ಕೈ ಒರೆಸಿಕೊಂಡು ಬಂದು ಬೀಗ ತೆಗೆದರು. ಗಂಟು ಬಿಚ್ಚಿದರೆ ರೊಟ್ಟಿ ಮುರಿದಿಡುವ ಬೆಳ್ಳಿ ತಟ್ಟೆ ಇತ್ತು. ಬಟ್ಟಲು ಇರಲಿಲ್ಲ. ಟ್ರಂಕಿನಲ್ಲಿದ್ದ ಮದುವೆ ಸೀರೆಗಳನ್ನೂ ಗಂಡನ ಹಳೆಯ ಕೋಟನ್ನೂ ಒಂದೊಂದಾಗಿ ತೆಗೆದು ಕೊಡವಿದರು. ಎಲ್ಲವನ್ನೂ ಇನ್ನೊಂದು ಸಲ ಕೊಡವಿದರು. ಆಮೇಲೆ ಯಾರನ್ನೂ ಕೂಗದೆ ಹಾಗೇ ನೆಲದ ಮೇಲೆ ಕುಳಿತುಬಿಟ್ಟರು.

ಯಶವಂತಪುರದ ರೈಲ್ವೆ ಸ್ಟೇಷನ್ ಹಿಂದಿನ ಆ ಸಣ್ಣ ದೇವಾಲಯಕ್ಕೆ ಸ್ವಂತ ಪಾದ್ರಿ ಇರಲಿಲ್ಲ. ವರ್ಷಕ್ಕೆ ನಾಲ್ಕು ಸಲ ನಗರದಿಂದ ಪಾದ್ರಿ ಅಯ್ಯನವರು ಬಂದು, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ನಡೆಸಿಕೊಡುತ್ತಿದ್ದರು. ಅದಕ್ಕೆ ಬೇಕಾದ ಬೆಳ್ಳಿ ತಟ್ಟೆ, ಬೆಳ್ಳಿ ಬಟ್ಟಲು ಹನ್ನೊಂದು ವರ್ಷಗಳಿಂದ ಸಭೆಯ ಹಿರಿಯರಾದ ಯೋಬಪ್ಪನವರ ಮನೆಯಲ್ಲಿ, ಹೆಂಡತಿ ಮರಿಯಮ್ಮನ ಟ್ರಂಕಿನಲ್ಲಿದ್ದವು. ಯೋಬಪ್ಪನವರು ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮುಂದಿನ ಭೋಜನ ಈಸ್ಟರ್ ದಿನ, ತಿಂಗಳ ಇಪ್ಪತ್ತೊಂಬತ್ತಕ್ಕೆ. ಮೂರು ವಾರ ಬಾಕಿ ಇತ್ತು.

ಮಧ್ಯಾಹ್ನದ ಹೊತ್ತಿಗೆ ಮನೆಯ ಐದೂ ಜನರಿಗೆ ವಿಷಯ ಗೊತ್ತಾಯಿತು. ಮಗ ಜಯಶೀಲ ಜಂಕ್ಷನ್ನಿನ ಕ್ಯಾಬಿನ್‌ನಲ್ಲಿ ಲಿವರ್ ಎಳೆದು ರೈಲುಗಳಿಗೆ ಹಳಿ ಬದಲಿಸುವ ಕೆಲಸದವನು. ಬೆಳಗಿನ ಪಾಳಿ ಮುಗಿಸಿ ಬಂದವನು ಊಟಕ್ಕೆ ಕೂರದೆ ಅಟ್ಟ ಹತ್ತಿ ಹುಡುಕಿದ. ಮಗಳು ಸುಗುಣ ನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು, ಅವಳು ಒಂದು ಹಾಳೆ ತೆಗೆದುಕೊಂಡು, ಬಟ್ಟಲನ್ನು ಕೊನೆಯ ಸಲ ಯಾರು, ಯಾವಾಗ ಕಂಡರು ಎಂದು ಕೇಳಿ ಬರೆಯತೊಡಗಿದಳು. ಜನವರಿ ಕೊನೆಯ ಭಾನುವಾರದ ಸುಗ್ಗಿ ಆರಾಧನೆಯಲ್ಲಿ ಎಲ್ಲರೂ ಅದರಿಂದ ಕುಡಿದಿದ್ದರು. ಆಮೇಲೆ ತಾನೇ ಬಟ್ಟೆ ಸುತ್ತಿ ತಂದಿಟ್ಟೆ ಎಂದು ಯೋಬಪ್ಪನವರು ಹೇಳಿದರು. ಅವರು ಕೊಟ್ಟದ್ದನ್ನು ತಾನು ಟ್ರಂಕಿನೊಳಗಿಟ್ಟು ಬೀಗ ಹಾಕಿದೆ ಎಂದು ಮರಿಯಮ್ಮ ಹೇಳಿದರು. ಗಂಟು ಬಿಚ್ಚಿ ನೋಡಿದೆಯಾ ಎಂದು ಸುಗುಣ ಕೇಳಿದ್ದಕ್ಕೆ, ಹನ್ನೊಂದು ವರ್ಷದಲ್ಲಿ ಯಾವತ್ತು ಬಿಚ್ಚಿ ನೋಡಿದ್ದೇನೆ ಎಂದು ರೇಗಿದರು.

ಸೊಸೆ ಸಾರಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಅವಳು ಈ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಪುಟ್ಟೇನಹಳ್ಳಿಯ ಹುಡುಗಿ. ಅವಳ ತಂದೆ ಮುನಿಶಾಮಪ್ಪ ಮದುವೆಗೆ ಒಂದು ವರ್ಷ ಮುಂಚೆಯಷ್ಟೇ ಮನೆಮಂದಿಯ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ಅಲ್ಲಿಯವರೆಗೆ ಅವಳು ಸೊಣ್ಣಮ್ಮ. ದೀಕ್ಷೆಯ ದಿನದಿಂದ ಅಣ್ಣತಮ್ಮಂದಿರು ಮುನಿಶಾಮಪ್ಪನ ಮನೆಗೆ ಕಾಲಿಟ್ಟಿರಲಿಲ್ಲ, ಬಾವಿಯ ನೀರಿಗೂ ತಕರಾರು ತೆಗೆದಿದ್ದರು. ಮಗಳನ್ನು ನಾಲ್ಕು ತಲೆಮಾರಿನ ಕ್ರೈಸ್ತರ ಮನೆಗೆ ಕೊಟ್ಟಿದ್ದೇನೆ ಎಂಬುದೊಂದೇ ಅವನಿಗೆ ಊರಿನಲ್ಲಿ ತಲೆಯೆತ್ತಿ ನಡೆಯಲು ಉಳಿದಿದ್ದ ಮಾತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಿಯಮ್ಮ ದೊಡ್ಡ ಸತ್ಯವೇದವನ್ನೂ ಹಿತ್ತಿಲ ಬಾಗಿಲಿನ ಗೇಣುದ್ದದ ಕಬ್ಬಿಣದ ಬೀಗದ ಕೈಯನ್ನೂ ತಂದು ಚಾಪೆಯ ಮೇಲಿಟ್ಟರು. ಚಿಕ್ಕಂದಿನಲ್ಲಿ ಅವರು ರೈಲ್ವೆ ಕ್ವಾರ್ಟರ್ಸಿನ ಒಬ್ಬ ದೊರೆಸಾನಿಯ ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದರು. ಆ ದೊರೆಸಾನಿಯ ಉಂಗುರ ಕಳೆದಾಗ ಕಂಡು ಕಲಿತದ್ದು ಇದು. ಕೀರ್ತನೆಗಳ ನಡುವೆ, ಕಳ್ಳನೊಡನೆ ಕೂಡಿಕೊಂಡವರನ್ನು ದೇವರು ಗದರಿಸುವ ಪುಟದಲ್ಲಿ ಬೀಗದ ಕೈಯಿಟ್ಟು, ಅದರ ತಲೆಯ ದುಂಡು ಬಳೆ ಮಾತ್ರ ಹೊರಗೆ ಉಳಿಯುವಂತೆ ಪುಸ್ತಕವನ್ನು ಹುರಿಯಿಂದ ಬಿಗಿಯಾಗಿ ಕಟ್ಟಬೇಕು. ಇಬ್ಬರು ಎದುರುಬದುರು ನಿಂತು ತಮ್ಮ ಬಲಗೈ ತೋರುಬೆರಳ ತುದಿಗಳನ್ನು ಬಳೆಯ ಕೆಳಗೆ ಕೊಟ್ಟು ಎತ್ತಬೇಕು. ಪುಸ್ತಕ ಆ ಎರಡು ಬೆರಳುಗಳ ಮೇಲೆ ತೂಗುತ್ತದೆ. ಮೂರನೆಯವರು ಒಂದೊಂದೇ ಹೆಸರು ಹೇಳಬೇಕು. ತಪ್ಪಿತಸ್ಥರ ಹೆಸರು ಬಂದಾಗ ಪುಸ್ತಕ ತಾನಾಗಿ ತಿರುಗುತ್ತದೆ.

ಮರಿಯಮ್ಮ ಒಂದು ಕಡೆ, ಜಯಶೀಲ ಒಂದು ಕಡೆ ನಿಂತರು. ಯೋಬಪ್ಪನವರಿಗೆ ಇದು ಇಷ್ಟವಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವೇದವನ್ನು ಓದಲು ಕಲಿಸಿದವರು, ತೂಗಲು ಕಲಿಸಿದವರಲ್ಲ. ಆದರೆ ಬಟ್ಟಲು ಹೋದದ್ದು ತಮ್ಮ ಕಾವಲಿನಿಂದ. ಹೆಸರುಗಳನ್ನು ಅವರೇ ಹೇಳಿದರು. ಹಾಲು ಹಾಕುವವನದು, ಪಕ್ಕದ ಮನೆಯ ಖುರ್ಷೀದ್‌ಳದು, ಅವಳ ಗಂಡ ಜಾಫರ್‌ನದು, ದೇವಾಲಯ ಗುಡಿಸುವವನದು. ಪುಸ್ತಕ ಸುಮ್ಮನಿತ್ತು. ಮನೆಯವರ ಹೆಸರೂ ಹೇಳಿ ಎಂದರು ಮರಿಯಮ್ಮ. ಸುಗುಣ. ಸುಮ್ಮನಿತ್ತು. ಸಾರಮ್ಮ.

ಪುಸ್ತಕ ಬಲಕ್ಕೆ ಕಾಲು ಸುತ್ತು ತಿರುಗಿ, ಬೆರಳುಗಳಿಂದ ಜಾರಿ ಚಾಪೆಯ ಮೇಲೆ ಬಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಾರಮ್ಮ ತನ್ನ ಹೆಸರು ಕೇಳಿ ಕರೆದರೆಂದುಕೊಂಡು ಎರಡು ಹೆಜ್ಜೆ ಒಳಗೆ ಬಂದಿದ್ದಳು. ಎಲ್ಲರ ಮುಖ ನೋಡಿ ನಿಂತಳು.

"ನಾನು ಮುಟ್ಟಿಲ್ಲ," ಎಂದಳು. "ಅದರ ಬೀಗ ಯಾವ್ದು ಅಂತ್ಲೂ ನಂಗ್ ಗೊತ್ತಿಲ್ಲ."

ಮರಿಯಮ್ಮ ಬಿದ್ದ ಪುಸ್ತಕವನ್ನು ಎತ್ತಿ ಸೆರಗಿನಿಂದ ಒರೆಸಿದರು. ಸೊಸೆಯ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ, ತನ್ನ ಬೆರಳಿನ ಮೇಲೆಯೇ ದೇವರು ಮಾತಾಡಿದನೆಂಬ ಭಯ ಅವರನ್ನು ಹಿಡಿದಿತ್ತು.

ಮರುದಿನದಿಂದ ಮನೆಯ ನಡವಳಿಕೆ ಬದಲಾಯಿತು. ಟ್ರಂಕಿನ ಬೀಗದ ಕೈ ಮರಿಯಮ್ಮನ ಸೊಂಟಕ್ಕೆ ಬಂತು. ಸಂಜೆಯ ಪ್ರಾರ್ಥನೆಯಲ್ಲಿ ಸರದಿಯ ಮೇಲೆ ಒಬ್ಬೊಬ್ಬರು ಅಧ್ಯಾಯ ಓದುವ ರೂಢಿ. ಸಾರಮ್ಮನ ಸರದಿ ಬಂದ ದಿನ ಪುಸ್ತಕ ಅವಳನ್ನು ದಾಟಿ ಸುಗುಣಳ ಕೈಗೆ ಹೋಯಿತು. ಅವಳೇ ರಾಗಿ ಬೀಸಿ, ಅವಳೇ ಮುದ್ದೆ ಕಟ್ಟಿ, ಅವಳೇ ಸಾರು ಕುದಿಸುತ್ತಿದ್ದಳು. ಬಡಿಸಲು ಮಾತ್ರ ಅತ್ತೆ ಏಳುತ್ತಿದ್ದರು. ಒಬ್ಬಳನ್ನೇ ಬಿಟ್ಟು ಯಾರೂ ಹೊರಗೆ ಹೋಗುತ್ತಿರಲಿಲ್ಲ. ಜಯಶೀಲ ಮಾತ್ರ ಮೊದಲಿನ ಹಾಗೇ ಇದ್ದ. ಪಾಳಿಗೆ ಹೋಗುವಾಗ ಬುತ್ತಿ ಅವಳ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದ, ಅಮ್ಮನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುತ್ತಿದ್ದ. ಆ ಮನೆಯಲ್ಲಿ ತನ್ನ ಪರ ಒಬ್ಬರಾದರೂ ಇದ್ದಾರೆ ಎಂದು ಸಾರಮ್ಮ ನಂಬಿದ್ದಳು.

ಎರಡನೆಯ ವಾರ ಮೊಟ್ಟೆಯಿಡುತ್ತಿದ್ದ ಕೋಳಿ ಸತ್ತಿತು. ಎರಡು ದಿನ ಬಿಟ್ಟು ಬಾವಿಯ ಹಗ್ಗ ಕಿತ್ತು ಕೊಡ ಒಳಗೆ ಬಿತ್ತು. ಗುರುವಾರ ಯೋಬಪ್ಪನವರಿಗೆ ಚಳಿಜ್ವರ ಬಂತು. ಮರಿಯಮ್ಮ ಮೂರನ್ನೂ ಬೆರಳು ಮಡಿಸಿ ಎಣಿಸಿದರು. ಕೋಳಿಯನ್ನು ಸತ್ತ ದಿನವೇ, ಸಾರು ಮಾಡಲು ಬಿಡದೆ, ಹಿತ್ತಿಲಲ್ಲಿ ಹೂಳಿಸಿದ್ದರು. ಬೇಲಿಯಾಚೆಯಿಂದ ನೋಡುತ್ತಿದ್ದ ಖುರ್ಷೀದ್, ಇಷ್ಟು ಒಳ್ಳೆ ಕೋಳಿಗೆ ಇಷ್ಟು ಮರ್ಯಾದೆ ನಮ್ಮ ಬೀದಿಯಲ್ಲಿ ಯಾವ ಮನುಷ್ಯನಿಗೂ ಆಗಿಲ್ಲ ಎಂದು ನಕ್ಕಿದ್ದಳು.

ಸುಗುಣ ಜ್ವರ ಬಂದ ಗುರುವಾರ ಸಂಜೆಯೇ ತಾಯಿಯೊಂದಿಗೆ ಜಗಳಕ್ಕೆ ನಿಂತಳು. ಕೋಳಿಗೆ ರೋಗ ಬಂದಿತ್ತು, ಹಗ್ಗಕ್ಕೆ ಮೂರು ವರ್ಷವಾಗಿತ್ತು, ಸ್ಟೇಷನ್ ಹಿಂದಿನ ಮೋರಿಯ ಸೊಳ್ಳೆಗೆ ಜ್ವರ ಬಾರದವರು ಯಾರು ಎಂದಳು.

"ಆಕಾನನ ಕತೆ ಓದಿಲ್ವೇನೇ ನೀನು?" ಎಂದರು ಮರಿಯಮ್ಮ. "ದೇವರಿಗೆ ಮೀಸಲಾಗಿದ್ದನ್ನ ಒಬ್ಬ ಕದ್ದ, ಇಡೀ ಪಾಳೆಯ ಸೋತುಹೋಯ್ತು. ಚೀಟಿ ಹಾಕಿ ಕುಲ ಯಾವ್ದು, ಮನೆ ಯಾವ್ದು, ಆಳು ಯಾರು ಅಂತ ಹುಡುಕಿದ್ರು. ಸಿಕ್ಕಿದ್ಮೇಲೆ ಅವನ ಮಕ್ಕಳು ಮರಿ, ದನ ಕುರಿ ಏನನ್ನೂ ಉಳಿಸ್ಲಿಲ್ಲ. ಕಳ್ಳಮಾಲು ಇರೋ ಮನೇಲಿ ಇರೋರೆಲ್ಲ ಹೊಣೆ."

"ಅಲ್ಲಿ ಹುಡುಕು ಅಂತ ಹೇಳಿದ್ದು ದೇವರು. ನಿನಗೆ ಬೀಗದ ಕೈ ಕಟ್ಟು ಅಂತ ಹೇಳಿದ್ದು ಕ್ವಾರ್ಟರ್ಸ್ ದೊರೆಸಾನಿ."

ಹೊದ್ದು ಮಲಗಿದ್ದ ಯೋಬಪ್ಪನವರು ಅಲ್ಲಿಂದಲೇ ಮಗಳನ್ನು ಗದರಿದರು. ಲೋಕದ ಬುದ್ಧಿವಂತಿಕೆ ದೇವರ ಮುಂದೆ ದಡ್ಡತನವೆಂದು ಪೌಲ ಕೊರಿಂಥದವರಿಗೆ ಬರೆದದ್ದು ಅವಳಂಥ ಕಾಲೇಜಿನವರನ್ನು ನೋಡಿಯೇ ಎಂದರು.

"ಹಾಗಾದ್ರೆ ಸೊಲೊಮೋನ ದೇವರ ಹತ್ರ ಏನು ಕೇಳಿದ, ಅಪ್ಪ?" ಎಂದಳು ಸುಗುಣ. "ಬುದ್ಧಿ ಕೇಳಿದ. ಇಬ್ಬರು ಹೆಂಗಸರು ಒಂದು ಮಗು ತಂದಾಗ ಅವನು ಪುಸ್ತಕ ತೂಗಲಿಲ್ಲ, ಕತ್ತಿ ತರಿಸಿ ಅವರ ಮುಖ ನೋಡಿದ. ಪರೀಕ್ಷೆ ಮಾಡೋ ಬುದ್ಧಿ ದೇವರು ಕೊಟ್ಟಿದ್ದಲ್ವಾ?"

ಯೋಬಪ್ಪನವರು ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

ಭಾನುವಾರ ಊಟವಾದ ಮೇಲೆ ತೀರ್ಮಾನವಾಯಿತು. ಬರುವ ಶುಕ್ರವಾರ ಯೋಬಪ್ಪನವರು ಅಯ್ಯನವರಿಗೆ ಕಾಗದ ಬರೆಯುವುದು. ಪುಸ್ತಕ ತೋರಿಸಿದ ಹೆಸರನ್ನು ಅದರಲ್ಲಿ ಮುಚ್ಚಿಡದೆ ತಿಳಿಸುವುದು. ಅದರ ಮುಂದಿನ ಸೋಮವಾರ ಜಯಶೀಲ ಹೆಂಡತಿಯನ್ನು ಪುಟ್ಟೇನಹಳ್ಳಿಯಲ್ಲಿ ಬಿಟ್ಟು ಬರುವುದು. ಬಟ್ಟಲು ವಾಪಸು ಬಂದರೆ ಅವಳೂ ಬರಬಹುದು ಎಂದರು ಮರಿಯಮ್ಮ. ಜಯಶೀಲ ತಲೆ ತಗ್ಗಿಸಿ ಕೇಳಿಸಿಕೊಂಡ. ಆಗಲಿ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ.

ಸಾರಮ್ಮ ಪಾತ್ರೆ ತಿಕ್ಕುವ ಕಲ್ಲಿನ ಮುಂದೆ ಕುಳಿತೇ ಎಲ್ಲವನ್ನೂ ಕೇಳಿಸಿಕೊಂಡಳು. ಸುಗುಣ ಹತ್ತಿರ ಬಂದು ಕುಳಿತಾಗ ಅಳಲಿಲ್ಲ.

"ನಮ್ಮಪ್ಪ ಸತ್ತೋಗ್ತಾರೆ ಕಣಮ್ಮ," ಎಂದಳು. "ಆ ಕಡೇರು ಆಗ್ಲೇ ಬಿಟ್ಟವ್ರೆ. ಈ ಕಡೇರು ಕಳ್ಳಿ ಅಂತ ಕಳಿಸಿದ್ರೆ ಇನ್ಯಾವ್ ಕಡೆ ಓಗೋದು ಅವ್ರು? ನನ್ನ ಬುಡು. ಅವ್ರು ಯಾವ್ ಬಾವಿ ನೀರ್ ಕುಡೀತಾರೆ?"

ಸುಗುಣ ಎರಡು ದಿನ ಯೋಚಿಸಿದಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವಳು ಕಲಿತದ್ದರಲ್ಲಿ ಇಲ್ಲಿಗೆ ಹೊಂದುವಂಥದ್ದು ಒಂದೇ ಒಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಗುರುವಾರ ಸಂಜೆ, ಜ್ವರ ಬಿಟ್ಟು ಗಂಜಿ ಕುಡಿಯುತ್ತಿದ್ದ ತಂದೆಯ ಮುಂದೆ ಕುಳಿತು ಅವಳು ಕೇಳಿದ್ದು ಇಷ್ಟೇ. ನಾಳೆ ಅಯ್ಯನವರಿಗೆ ಬರೆಯುವ ಕಾಗದದಲ್ಲಿ ಸುಳ್ಳು ಸೇರಬಾರದಲ್ಲವೇ? ಹಾಗಾದರೆ ಇನ್ನೊಂದು ಸಲ, ತಾನು ಹೇಳಿದ ಕ್ರಮದಲ್ಲಿ, ಪುಸ್ತಕ ತೂಗಬೇಕು. ತೂಗಿದ್ದು ದೇವರ ಮಾತಾಗಿದ್ದರೆ ಎಷ್ಟು ಸಲ ತೂಗಿದರೂ ಅದೇ ಉತ್ತರ ಬರುತ್ತದೆ.

ದೇವರನ್ನು ಪರೀಕ್ಷಿಸಬಾರದು ಎಂದರು ಮರಿಯಮ್ಮ. ದೇವರನ್ನಲ್ಲ, ಬೀಗದ ಕೈಯನ್ನು ಎಂದಳು ಸುಗುಣ. ಯೋಬಪ್ಪನವರು ಗಂಜಿಯ ಲೋಟ ಕೆಳಗಿಟ್ಟು, ತೂಗಿ ಎಂದರು.

ಸುಗುಣ ಏಳು ಚೀಟಿ ಮಾಡಿದ್ದಳು. ಆರರಲ್ಲಿ ಅಂದು ಹೇಳಿದ ಹೆಸರು, ಒಂದು ಖಾಲಿ. ಮಡಿಸಿ ಬೆರೆಸಿದ ಮೇಲೆ ಯಾವುದರಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ಮೊದಲಿನಂತೆ ಮರಿಯಮ್ಮನೂ ಜಯಶೀಲನೂ ಬೆರಳು ಕೊಟ್ಟರು. ಅವಳು ಒಂದೊಂದೇ ಚೀಟಿಯನ್ನು ಬಿಚ್ಚದೆ ಎತ್ತಿ ಹಿಡಿದು, ಇದರಲ್ಲಿರುವವರು ಕದ್ದರೇ ಎಂದು ಕೇಳಿದಳು. ಮೂರು ಸುತ್ತು, ಇಪ್ಪತ್ತೊಂದು ಸಲ. ಪುಸ್ತಕ ಒಂದೇ ಒಂದು ಸಲ ಅಲುಗಿ ಅರ್ಧಕ್ಕೆ ತಿರುಗಿತು. ಬಿಚ್ಚಿದರೆ ಖಾಲಿ ಚೀಟಿ. ಸಾರಮ್ಮನ ಹೆಸರಿನ ಚೀಟಿ ಮೂರು ಸಲ ಬಂದುಹೋಗಿದ್ದರೂ ಪುಸ್ತಕ ಕದಲಿರಲಿಲ್ಲ.

"ಬಾಯಲ್ಲಿ ಹೇಳಿದ್ರೆ ದೇವರಿಗೆ ಕೇಳ್ಸೋದು," ಎಂದರು ಮರಿಯಮ್ಮ.

"ಮಡಿಸಿದ ಚೀಟಿ ಓದಕ್ಕೆ ಅವನಿಗೆ ಬರಲ್ಲವೇನೇ?" ಎಂದರು ಯೋಬಪ್ಪನವರು. ಅವರ ದನಿಯಲ್ಲಿ ಎರಡು ವಾರದಲ್ಲಿ ಮೊದಲ ಸಲ ಹಳೆಯ ಮೇಷ್ಟ್ರು ಕಾಣಿಸಿಕೊಂಡಿದ್ದರು.

ಈಗ ಬಾಯಲ್ಲೇ ಹೇಳುತ್ತೇನೆಂದು ಸುಗುಣ ಹೆಸರುಗಳನ್ನು ಕೂಗಿದಳು. ಸಾರಮ್ಮ ಎಂದೊಡನೆ ಪುಸ್ತಕ ತಿರುಗಿ ಬಿತ್ತು. ನೋಡಿದೆಯಾ ಎನ್ನುವಂತೆ ಮರಿಯಮ್ಮ ಎಲ್ಲರತ್ತ ನೋಡಿದರು. ಸುಗುಣ ಏನೂ ಹೇಳದೆ ಹುರಿಯನ್ನು ಬಿಗಿ ಮಾಡಿ, ಅಣ್ಣನನ್ನು ಸರಿಸಿ, ಅವನ ಜಾಗದಲ್ಲಿ ತಂದೆಯನ್ನು ನಿಲ್ಲಿಸಿದಳು. ಈ ಕಡೆ ಮರಿಯಮ್ಮ, ಆ ಕಡೆ ಯೋಬಪ್ಪನವರು. ಅವೇ ಹೆಸರುಗಳು, ಅದೇ ಕ್ರಮ.

"ಸಾರಮ್ಮ."

ಪುಸ್ತಕ ತಿರುಗಲಿಲ್ಲ. ಸುಗುಣ ಇನ್ನೊಂದು ಸಲ ಹೇಳಿದಳು. ಮೂರನೆಯ ಸಲ ಮರಿಯಮ್ಮ ತಾವೇ ಹೇಳಿದರು, ಗಟ್ಟಿಯಾಗಿ. ಪುಸ್ತಕ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು.

ಸುಗುಣಳ ಮುಖದ ಬಣ್ಣ ಬದಲಾಯಿತು. ಸೊಸೆಯನ್ನು ಕಳ್ಳಿಯೆಂದವರು ಅಮ್ಮ. ತಿರುಗಿಸುತ್ತಿರುವ ಬೆರಳೂ ಅಮ್ಮನದೇ ಇರಬೇಕೆಂದು ಅವಳು ಎಣಿಸಿದ್ದಳು. ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಆದರೆ ಜಯಶೀಲ ಆಗಲೇ ತಾಯಿಯನ್ನು ಸರಿಸಿ ತಂದೆಯ ಎದುರು ಬಂದು ಬೆರಳು ಚಾಚಿದ್ದ. ಹೇಳು ಎಂದ. ಅವಳು ಮೆಲ್ಲಗೆ ಹೇಳಿದಳು. ಹಾಲಿನವನು, ಖುರ್ಷೀದ್, ಜಾಫರ್, ಗುಡಿಸುವವನು, ಸುಗುಣ.

"ಸಾರಮ್ಮ."

ಪುಸ್ತಕ ತಿರುಗಿತು. ಬೀಳುವಾಗ ಬೀಗದ ಕೈಯ ಬಳೆ ಜಯಶೀಲನ ಉಗುರಿಗೆ ತಗುಲಿ ರಕ್ತ ಬಂತು.

"ನಾನು ಅಲ್ಲಾಡಿಸ್ಲಿಲ್ಲ," ಎಂದ ಅವನು. "ದೇವರಾಣೆ, ಅಪ್ಪ. ನಾನು ಬೆರಳು ಅಲ್ಲಾಡಿಸ್ಲಿಲ್ಲ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಎಲ್ಲರಿಗೂ ಕಾಣುತ್ತಿತ್ತು. ಹೆದರಿಕೆಯಾದದ್ದು ಅದಕ್ಕೇ. ಸಾರಮ್ಮ ಅಡುಗೆಮನೆಯ ಬಾಗಿಲಿನಿಂದ, ಇನ್ನು ಸಾಕು ಎಂದಳು. ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಮರಿಯಮ್ಮ ಪುಸ್ತಕದ ಹುರಿ ಬಿಚ್ಚಲು ಹೋಗಿ, ಗಂಟು ಬಿಚ್ಚಲಾಗದೆ, ಹಾಗೇ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಶುಕ್ರವಾರ ಕಾಗದ ಹೋಗಲಿಲ್ಲ. ಸೋಮವಾರದ ಮಾತು ಯಾರೂ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಜಯಶೀಲ ಬಾವಿಕಟ್ಟೆಯ ಬಳಿ ಮುಖ ತೊಳೆಯುವಾಗ ಸಾರಮ್ಮ ನೀರು ಸೇದುತ್ತಿದ್ದಳು. ಅವನ ಕಡೆ ನೋಡದೆ ಕೇಳಿದಳು.

"ನನ್ ಮ್ಯಾಗೆ ಯಾವಾಗಿಂದ ಅನುಮಾನ ನಿಮ್ಗೆ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ, ತಡೆದು ತಡೆದು ಹೇಳಿದ. ಫೆಬ್ರವರಿಯಲ್ಲಿ ಒಂದು ದಿನ ಪಾಳಿ ಮುಗಿಸಿ ಬರುವಾಗ ಅವಳು ಹಿತ್ತಿಲ ಬೇಲಿಯ ಹತ್ತಿರ ತನ್ನ ತಮ್ಮನಿಗೆ ಒಂದು ಗಂಟು ಕೊಡುತ್ತಿದ್ದುದನ್ನು ಕಂಡಿದ್ದ. ಗಂಟಿನೊಳಗೆ ಏನೋ ದುಂಡಗೆ ಇತ್ತು. ಅವಳು ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ತಾನು ಅದನ್ನು ಮರೆತೇಬಿಟ್ಟಿದ್ದೆ ಎಂದ. ಮರೆತೆ ಎಂದುಕೊಂಡಿದ್ದೆ ಎಂದ.

"ಬೆಲ್ಲದ ಉಂಡೆ," ಎಂದಳು ಸಾರಮ್ಮ. "ನಮ್ಮವ್ವಂಗೆ ನೆಗಡಿ ಕೆಮ್ಮು, ಸುಂಠಿ ಕಷಾಯಕ್ಕೆ ಬೆಲ್ಲ ಇಲ್ಲ ಅಂದ. ಇಲ್ಲಿ ಕೇಳಿ ಕೊಟ್ರೆ, ಗತಿಯಿಲ್ದೋರ ಮನೆ ಅಂತೀರ ಅಂತ ಕೇಳ್ದೆ ಕೊಟ್ಟೆ. ಅದು ಕದ್ದಿದ್ದೇ. ಬೆಲ್ಲ ಕದ್ದೆ."

ಕೊಡ ಸೊಂಟಕ್ಕೇರಿಸಿ ಒಳಗೆ ಹೋದಳು. ಆ ದಿನದಿಂದ ಅವನ ಬುತ್ತಿ ಹೊಸ್ತಿಲ ಬಳಿ ಗೂಟಕ್ಕೆ ನೇತುಹಾಕಿರುತ್ತಿತ್ತು.

ಜಯಶೀಲನಿಗೆ ಕೆಲಸದಲ್ಲಿ ಹೊಸದೊಂದು ಹೆದರಿಕೆ ಹತ್ತಿಕೊಂಡಿತು. ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತ ಲಿವರುಗಳಲ್ಲಿ ಯಾವುದನ್ನು ಎಳೆಯಬೇಕೆಂದು ಆರು ವರ್ಷಗಳಿಂದ ಅವನು ಯೋಚಿಸಿರಲಿಲ್ಲ, ಕೈಗೇ ಗೊತ್ತಿತ್ತು. ಈಗ ಕೈಗೆ ತನಗೆ ತಿಳಿಯದ ಇನ್ನೇನು ಗೊತ್ತಿದೆಯೋ ಎಂದು ಅನ್ನಿಸುತ್ತಿತ್ತು. ಎಳೆಯುವ ಮೊದಲು ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದ. ಎಳೆದ ಮೇಲೆ ಕಿಟಕಿಯಿಂದ ಬಗ್ಗಿ ಹಳಿ ಕೂಡಿದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದ. ಜೊತೆಯ ಮುನಿಯಣ್ಣ ಮೂರು ದಿನ ಇದನ್ನು ಕಂಡು, "ಏನ್ ಜಯಶೀಲಪ್ಪ, ಲಿವರ್‌ಗೂ ದೀಕ್ಷಾಸ್ನಾನ ಮಾಡಿಸ್ತಿದ್ದೀಯಾ?" ಎಂದ. ಮೇಲ್ ಗಾಡಿ ಬರುವ ಹೊತ್ತಿಗೆ ಜಯಶೀಲ ಲಿವರಿನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆ ಒಂದು ಲಿವರನ್ನು ಮುನಿಯಣ್ಣನೇ ಎಳೆದುಕೊಡುತ್ತಿದ್ದ.

ಮನೆಯಲ್ಲಿ ಊಟಕ್ಕೆ ಕುಳಿತರೆ ತಟ್ಟೆಗಳ ಸದ್ದು ಮಾತ್ರ. ಮರಿಯಮ್ಮ ಈಗ ಸೊಸೆಗೂ ತಾವೇ ಬಡಿಸುತ್ತಿದ್ದರು, ಆದರೆ ಅವಳ ಮುಖ ನೋಡುತ್ತಿರಲಿಲ್ಲ. ಒಂದು ಸಲ ಮಗಳನ್ನು ಹಿತ್ತಿಲಿಗೆ ಕರೆದು, ದೇವರು ಜಯಶೀಲನೊಬ್ಬನ ಕೈಯಲ್ಲೇ ಮಾತಾಡುತ್ತಿರಬಹುದಲ್ಲವೇ ಎಂದು ಕೇಳಿದರು. ಹಾಗಿದ್ದರೆ ಚೀಟಿ ಮಡಿಸಿದಾಗ ಯಾಕೆ ಮಾತಾಡಲಿಲ್ಲ ಎಂದಳು ಸುಗುಣ. ನೀನು ಆ ಪರೀಕ್ಷೆ ಮಾಡದೇ ಇದ್ದಿದ್ದರೆ ಚೆನ್ನಾಗಿತ್ತು ಎಂದರು ಮರಿಯಮ್ಮ. ಸುಗುಣಳಿಗೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತಿತ್ತು. ಅತ್ತಿಗೆಯ ಮೇಲಿನ ಆಪಾದನೆ ಕಳೆಯಲು ಹೋಗಿ, ಅವಳಿಗಿದ್ದ ಒಬ್ಬನೇ ಪಕ್ಷದವನನ್ನು ಕಳೆದಿದ್ದಳು.

ಈಸ್ಟರ್ ಹಿಂದಿನ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ತಣಿಸಂದ್ರದ ಚಿಕ್ಕಬೈರಪ್ಪ ಸೈಕಲ್ ತುಳಿದುಕೊಂಡು ಬಂದ. ಅವನು ಕ್ರೈಸ್ತನಲ್ಲ. ಆದರೆ ಪ್ರತಿವರ್ಷ ಸುಗ್ಗಿ ಆರಾಧನೆಗೆ ತಪ್ಪದೆ ಬರುತ್ತಿದ್ದ. ಆ ದಿನ ಸಭೆಯವರು ಕಾಣಿಕೆಯಾಗಿ ತಂದ ರಾಗಿ, ಕುಂಬಳಕಾಯಿ, ಕೋಳಿಗಳನ್ನು ಆರಾಧನೆ ಮುಗಿದೊಡನೆ ದೇವಾಲಯದೊಳಗೇ ಹರಾಜು ಹಾಕುವ ಪದ್ಧತಿ. ಅಲ್ಲಿ ರಾಗಿ ಅಗ್ಗವಾಗಿ ಸಿಗುತ್ತಿತ್ತು. ಈ ಸಲ ಎರಡು ಕುಕ್ಕೆ ರಾಗಿ ಹಿಡಿದಿದ್ದ.

ಅವನು ಹೆಗಲಿನ ಚೀಲದಿಂದ ಒಂದು ಬಿಳಿ ಟವೆಲಿನ ಗಂಟು ತೆಗೆದು, ಅದನ್ನು ಮುಟ್ಟಲೂ ಅಂಜುವವನಂತೆ ಜಗಲಿಯ ಮೇಲಿಟ್ಟು ಹಿಂದೆ ಸರಿದ.

"ಮೇಷ್ಟ್ರೇ, ಕಣಜದಾಗೆ ರಾಗಿ ತೆಗೀವಾಗ ಸೇರಿಗೆ ತಗುಲ್ತು. ಟವೆಲ್ ಮ್ಯಾಲೆ ಶಿಲುಬೆ ಐತೆ. ನಿಮ್ ದೇವ್ರ ಬಟ್ಲು ನಮ್ ಮನೇಲಿ ಎರಡ್ ತಿಂಗ್ಳು ಇತ್ತು ಅಂತ ನಮ್ಮೋಳು ಮೂರ್ ದಿನದಿಂದ ಊಟ ಬುಟ್ಟವ್ಳೆ. ಏನೂ ಆಗಲ್ಲ ಅಂತ ಒಂದ್ ಮಾತು ಯೋಳಿ, ಓಗಿ ಅವ್ಳಿಗೆ ಯೋಳ್ತೀನಿ."

ಯೋಬಪ್ಪನವರು ಗಂಟು ಬಿಚ್ಚಿದರು. ಬಟ್ಟಲಿನೊಳಗೆ ಒಂದು ಹಿಡಿ ರಾಗಿ ಇತ್ತು. ಅವರು ಅದನ್ನು ನೋಡುತ್ತ ನಿಂತಲ್ಲೇ ಎಲ್ಲವೂ ನೆನಪಾಯಿತು. ಭೋಜನ ಮುಗಿದ ಮೇಲೆ ಮೇಜಿನ ತುಂಬ ಕುಂಬಳಕಾಯಿಗಳು ಬಂದು ಕುಳಿತಿದ್ದವು. ಸುತ್ತಿದ ಬಟ್ಟಲು ಉರುಳಿ ಬೀಳಬಾರದೆಂದು ಅವರೇ ಅದನ್ನು ರಾಗಿಯ ಕುಕ್ಕೆಯೊಳಗೆ ಊರಿ ನಿಲ್ಲಿಸಿದ್ದರು. ಆಮೇಲೆ ಹರಾಜು ಕೂಗಲು ನಿಂತವರೂ ಅವರೇ. ಒಂದು, ಎರಡು, ಮೂರು ಎಂದು ಆ ಕುಕ್ಕೆಯನ್ನು ಚಿಕ್ಕಬೈರಪ್ಪನಿಗೆ ಕೊಟ್ಟವರೂ ಅವರೇ. ಮನೆಗೆ ತಂದ ಗಂಟಿನಲ್ಲಿ ತಟ್ಟೆ ಮಾತ್ರ ಇತ್ತು.

"ಏನೂ ಆಗಲ್ಲಪ್ಪ," ಎಂದರು. "ನಿನ್ನ ಮನೆಗೆ ಏನೂ ಆಗಲ್ಲ. ಕಳೆದವನು ನಾನು." ಅವರು ಜಗಲಿಯ ಮೇಲೆ ಕುಳಿತರು. ನಾಳೆ ಸಭೆಯ ಮುಂದೆ ಇದನ್ನು ಹೇಳುತ್ತೇನೆ, ಹಿರಿತನ ಬೇರೆಯವರಿಗೆ ಕೊಡಲಿ ಎಂದರು. ಸೊಸೆಯನ್ನು ಕರೆದು ಎಲ್ಲರ ಎದುರು ಕೈ ಮುಗಿದರು.

ಮರಿಯಮ್ಮ ಚಿಕ್ಕಬೈರಪ್ಪನಿಗೆ ಕಾಫಿ ಕೊಟ್ಟು ಕಳಿಸಿ ಬಂದವರು ಸುಗುಣಳ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಖಾಲಿ ಚೀಟಿಗೆ ತಿರುಗಿತ್ತಲ್ಲೇ ಅವತ್ತು. ಯಾರೂ ಕದ್ದಿಲ್ಲ ಅಂತ ಅವನು ಆಗ್ಲೇ ಹೇಳಿದ್ದ. ಕೇಳಿಸ್ಕೊಳ್ಳೋ ಕಿವಿ ನಮಗಿರ್ಲಿಲ್ಲ." ಇಪ್ಪತ್ತೊಂದರಲ್ಲಿ ಒಂದು ಸಲ ಸುಮ್ಮನೆ ತಿರುಗುವುದು ಸಹಜ ಎಂಬ ಮಾತು ಸುಗುಣಳ ನಾಲಿಗೆಯವರೆಗೆ ಬಂತು. ಹೇಳಲಿಲ್ಲ. ಅಮ್ಮನ ಮಾತಿಗೆ ಪೂರ್ತಿ ಉತ್ತರ ತನ್ನ ಬಳಿ ಇದೆಯೆಂದು ಆ ಕ್ಷಣಕ್ಕೆ ಅವಳಿಗೂ ಅನ್ನಿಸಲಿಲ್ಲ.

ಮರಿಯಮ್ಮ ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟರು. ನಾಳೆಗೆ ನೀನೇ ಉಜ್ಜು, ಇನ್ನು ಮೇಲೆ ಯಾವಾಗಲೂ ನೀನೇ ಉಜ್ಜು ಎಂದರು.

ಇಳಿಬಿಸಿಲಿನಲ್ಲಿ ಬಾವಿಕಟ್ಟೆಯ ಪಕ್ಕ ಕುಳಿತು ಸಾರಮ್ಮ ಹುಣಿಸೆಹಣ್ಣಿನಿಂದ ಬೆಳ್ಳಿ ಉಜ್ಜುತ್ತಿದ್ದಾಗ ಜಯಶೀಲ ಪಾಳಿ ಮುಗಿಸಿ ಬಂದ. ಬೀದಿಯ ತುದಿಯಲ್ಲೇ ಜಾಫರ್ ಅವನಿಗೆ ವಿಷಯ ಹೇಳಿದ್ದ. ಓಡುತ್ತ ಬಂದಿರಬೇಕು, ಉಸಿರು ಹತ್ತಿತ್ತು. ಬಟ್ಟಲನ್ನು ನೋಡಿದ. ಅವಳನ್ನು ನೋಡಿದ.

"ಇನ್ನೇನು, ಮುಗೀತಲ್ಲ," ಎಂದ.

"ರಾಗೀಲಿ ಸಿಕ್ತು," ಎಂದಳು ಅವಳು, ಕೈ ನಿಲ್ಲಿಸದೆ. "ಸಿಕ್ದೇ ಓಗಿದ್ರೆ?"

"ಸಿಕ್ಕಿದೆಯಲ್ಲ."

"ಸಿಕ್ದೇ ಓಗಿದ್ರೆ?"

ಅವನು ಕೈಚೀಲವನ್ನು ಕೆಳಗಿಟ್ಟ. ನನ್ನ ಬಾಯಲ್ಲಿ ನಿನ್ನನ್ನು ಒಂದು ದಿನವೂ ಕಳ್ಳಿ ಎಂದಿಲ್ಲ ಎಂದ.

"ಅತ್ತೆ ಬಾಯಲ್ಲಿ ಅಂದ್ರು. ಅದಕ್ಕೆ ನಾನು ಇಲ್ಲ ಅಂತ ಬಾಯಲ್ಲೇ ಯೋಳ್ದೆ. ನೀವು ಬಾಯಿ ಮುಚ್ಕಂಡು ಅಂದ್ರಿ. ಅದಕ್ಕೆ ನಾನು ಎಲ್ಲಿಂದ ಉತ್ರ ಕೊಡ್ಲಿ? ನಂಗೆ ಈಗ ನಿಮ್ ಪಕ್ಕ ಕುಂತ್ಕಳಕ್ಕೂ ಭಯ ಆಯ್ತದೆ."

ಸ್ಟೇಷನ್ನಿನಲ್ಲಿ ಯಲಹಂಕದ ಕಡೆಯ ಗಾಡಿ ಸೀಟಿ ಹಾಕಿತು. ಅವನು ಕಟ್ಟೆಯ ಇನ್ನೊಂದು ಮೂಲೆಯಲ್ಲಿ ಕುಳಿತ. ಇನ್ನು ಮೇಲೆ ಏನನ್ನು ಕಂಡರೂ ಕೇಳಿಬಿಡುತ್ತೇನೆ, ಒಳಗಿಟ್ಟುಕೊಳ್ಳುವುದಿಲ್ಲ ಎಂದ.

"ಈಗ್ಲೇ ಕೇಳಿ. ಈಗ ಒಳಗೆ ಏನೈತೋ ಅದನ್ನ."

ಸಾರಮ್ಮ ಬಟ್ಟಲನ್ನು ಎರಡು ಸಲ ತೊಳೆದು, ಕೊರಳಿನ ಬೆಸುಗೆಯಲ್ಲಿ ಸಿಕ್ಕಿದ್ದ ಒಂದು ಕಾಳನ್ನು ಉಗುರಿನಿಂದ ಎಬ್ಬಿದಳು.

"ನಾಳೆ ಆರಾಧನೆ ಆದ್ಮೇಲೆ," ಎಂದ ಅವನು ಕಡೆಗೆ, "ನೀನು ಪುಟ್ಟೇನಹಳ್ಳಿಗೆ ಹೋಗ್ಬಿಡ್ತೀಯಾ?"

"ಗೊತ್ತಿಲ್ಲ," ಎಂದಳು ಸಾರಮ್ಮ.

ಸುಮ್ಮನೆ ಹೇಳಿದ ಮಾತಲ್ಲವೆಂದು ಅವನಿಗೆ ತಿಳಿಯಿತು. ಅವಳು ಎದ್ದು ಬಟ್ಟಲನ್ನು ಅವನ ಕಡೆ ಚಾಚಿ, ಇದನ್ನು ಹಿಡಿದುಕೊಳ್ಳಿ, ಒರೆಸಲು ಬಟ್ಟೆ ತರುತ್ತೇನೆ ಎಂದಳು. ಅವನು ಒಂದು ಕ್ಷಣ ಕೈ ಮುಂದೆ ಮಾಡಲಿಲ್ಲ. ಆಮೇಲೆ ಎರಡೂ ಕೈಯಿಂದ ಹಿಡಿದುಕೊಂಡು, ಅವಳು ಬರುವವರೆಗೆ ಒಂದು ಬೆರಳನ್ನೂ ಅಲುಗಿಸದೆ ನಿಂತ.